ಗ್ಯಾರೇಜಿನಲ್ಲಿ 115 ಕಿಲೋ ಸವತಿ

ಇವತ್ತು ಬೆಳಿಗ್ಗೆ ನನ್ನ ಮೈಸೂರು ಸಿಲ್ಕ್ ಸೀರೆಯ ಸೆರಗಿನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಎತ್ತಲು ಹೋದರೆ ಸೀರೆಯೂ ಜೊತೆಯಲ್ಲೇ ಎದ್ದು ಬಂತು. ತಳದ ತುಂಬ ಅಂಟು. ತಿರುಗಿಸುವ ಗುಂಡಿಯಲ್ಲಿ ‘ಸಿಲ್ಕ್’ ಎಂದಿದ್ದ ಜಾಗದ ಮೇಲೆ ಕೆಂಪು ಮಾರ್ಕರಿನಲ್ಲಿ 250, 300, 350 ಎಂದು ಬರೆದಿತ್ತು.

“ರೀ!” ಎಂದು ಕೂಗಿದೆ.

“ಫ್ಯಾರನ್‌ಹೀಟ್!” ಎಂದು ಗ್ಯಾರೇಜಿನಿಂದ ಉತ್ತರ ಬಂತು.

ನಮ್ಮ ಯಜಮಾನರು ವಿಮಾನ ಕಟ್ಟುತ್ತಿದ್ದಾರೆ. ಆಟಿಕೆಯಲ್ಲ, ಕುಳಿತು ಹಾರುವಂಥದ್ದು. ಅಂಚೆಯಲ್ಲಿ ನಕ್ಷೆ ತರಿಸಿ, ಅಲ್ಯೂಮಿನಿಯಂ ಕೊಳವೆ ಕೊಯ್ದು, ರಿವೆಟ್ ಹೊಡೆಯುತ್ತ ಮೂರು ವರ್ಷ ಕಳೆದಿದ್ದಾರೆ. ಕಾರು ಮೂರು ಚಳಿಗಾಲವನ್ನು ಹಿಮದಲ್ಲಿ ಕಳೆದಿದೆ. ನಾವಿರುವುದು ಒಹಾಯೊದ ಡೇಟನ್ನಿನಲ್ಲಿ, ರೈಟ್ ಸಹೋದರರ ಊರು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು ಸಾವಿರ ಡಾಲರಿನೊಳಗೆ 1903ರಲ್ಲಿ ಹಾರಿಬಿಟ್ಟರು ಎಂಬುದು ಇವರಿಗೆ ಬಾಯಿಪಾಠ. ಅವರ ರೆಕ್ಕೆಗೆ ಮಸ್ಲಿನ್ ಬಟ್ಟೆಯಾದರೆ ಇವರದಕ್ಕೆ ಪಾಲಿಯೆಸ್ಟರ್. ಅದನ್ನು ಚೌಕಟ್ಟಿಗೆ ಅಂಟಿಸಿ ಇಸ್ತ್ರಿ ಆಡಿಸಿದರೆ ಕುಗ್ಗಿ ಬಿಗಿಯುತ್ತದೆ. ಆ ಸಹೋದರರಿಬ್ಬರೂ ಮದುವೆಯಾಗಲೇ ಇಲ್ಲ ಎಂಬುದನ್ನು ಮಾತ್ರ ಇವರು ಯಾರಿಗೂ ಹೇಳುವುದಿಲ್ಲ.

ಇಸ್ತ್ರಿ ಪೆಟ್ಟಿಗೆಯನ್ನಾದರೂ ಕ್ಷಮಿಸಿಯೇನು, ತಕ್ಕಡಿಯನ್ನು ಕ್ಷಮಿಸಲಾರೆ. ಇಲ್ಲಿನ ಕಾನೂನಿನಂತೆ ಅಲ್ಟ್ರಾಲೈಟ್ ಎಂಬ ಇಂಥ ಅತಿ ಹಗುರ ವಿಮಾನಕ್ಕೆ ಒಂದೇ ಆಸನ, ಐದೇ ಗ್ಯಾಲನ್ ಪೆಟ್ರೋಲ್, ಖಾಲಿ ತೂಕ 254 ಪೌಂಡಿನೊಳಗೆ, ಅಂದರೆ ಸುಮಾರು 115 ಕಿಲೋ. ಇಷ್ಟಿದ್ದರೆ ಪೈಲಟ್ ಪರವಾನಗಿಯೂ ಬೇಡ, ನೋಂದಣಿಯೂ ಬೇಡ. ಕೊತ್ತಂಬರಿ ಸೊಪ್ಪು ತರಲು ಕಾರು ತೆಗೆದರೆ ಪರವಾನಗಿ ಬೇಕಾದ ದೇಶವಿದು! (ಇವರು ಬೋಧಕರೊಬ್ಬರ ಬಳಿ ಕಲಿಯುತ್ತಿದ್ದಾರೆ, ಅಷ್ಟರಮಟ್ಟಿಗೆ ನನಗೆ ನಿದ್ದೆ ಬರುತ್ತದೆ.)

ಆ 115 ಕಿಲೋ ಮೀರಬಾರದೆಂದು ನನ್ನ ಅಡುಗೆಮನೆಯ ತಕ್ಕಡಿ ಗ್ಯಾರೇಜು ಸೇರಿತು. ಬೋಲ್ಟು, ನಟ್ಟು, ವಾಷರು ಎಲ್ಲವೂ ಅದನ್ನು ಹತ್ತಿ ಇಳಿದವು. ಲೆಕ್ಕವೆಲ್ಲ ನನ್ನ ದಿನಸಿ ಪುಸ್ತಕದಲ್ಲಿ: ತೊಗರಿಬೇಳೆ 2 ಕಿಲೋ, ಅದರ ಕೆಳಗೆ ಹಿಂಬದಿ ಚಕ್ರ. ಮನೆಗೆ ಬಂದವರ ಕೀಲಿಗೊಂಚಲು ಕೈಗೆ ಸಿಕ್ಕರೂ ಅಂಗೈಯಲ್ಲಿ ತೂಗಿ “ಎಂಬತ್ತು ಗ್ರಾಂ” ಎನ್ನುತ್ತಾರೆ, ಆಮೇಲೆ “ಚೆನ್ನಾಗಿದ್ದೀರಾ?” ಎನ್ನುತ್ತಾರೆ. ಕಳೆದ ಭಾನುವಾರ ಮೈಸೂರುಪಾಕಿಗೆ ಸಕ್ಕರೆ ತೂಗಬೇಕೆಂದು ಹೋದರೆ ತಕ್ಕಡಿಯ ಮೇಲೆ ಆಸನದ ಸ್ಪಂಜು. ಅದರ ಅಡಿಯನ್ನು ಕುಂಬಳಕಾಯಿಯ ತಿರುಳು ತೆಗೆದಂತೆ ಕೆತ್ತಿದ್ದರು. ಸಕ್ಕರೆಯನ್ನು ಕಣ್ಣಳತೆಯಲ್ಲೇ ಸುರಿದೆ. ಪಾಕು ಗಟ್ಟಿಯಾಗುವಷ್ಟರಲ್ಲಿ ಇವರು ಒಳಗೆ ಬಂದು, “ನಲವತ್ತು ಗ್ರಾಂ ಉಳಿಸಿದೆ ಕಣೇ” ಎನ್ನುತ್ತ ನಿಂತಲ್ಲೇ ನಾಲ್ಕು ತುಂಡು ಮುಗಿಸಿದರು.

“ನಿಮ್ಮ ತೂಕ ಯಾರ ಲೆಕ್ಕಕ್ಕೆ?” ಎಂದೆ.

“ಪೈಲಟ್‌ನ ತೂಕ ಆ 254ರಲ್ಲಿ ಸೇರುವುದಿಲ್ಲ” ಎಂದು ಐದನೆಯದಕ್ಕೆ ಕೈ ಹಾಕಿದರು.

ಅರಸೀಕೆರೆಯಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: “ಅದರಲ್ಲಿ ಊರಿಗೆ ಬರಬಹುದೇನೋ?” ಆಕಾಶದಲ್ಲಿ ಸದ್ದಾದರೆ ಊಟದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ತೋಟದ ತನಕ ಓಡುತ್ತಿದ್ದ ಮಗ ಅವರಿಗೆ ಇನ್ನೂ ಓಡುತ್ತಲೇ ಇದ್ದಾನೆ. ಎರಡು ಗಂಟೆಯೊಳಗೆ ತೀರಿಹೋಗುವ ಪೆಟ್ರೋಲಿನ ವಿಷಯ ಇವರು ಎತ್ತುವುದಿಲ್ಲ. “ಬರುತ್ತೇನಮ್ಮಾ” ಎಂದಷ್ಟೇ ಹೇಳಿ, ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಅದನ್ನೇ ಹಿಡಿದು ಕುಳಿತಿರುತ್ತಾರೆ. ಅಂಥ ದಿನ ನಾನು ತಕ್ಕಡಿ ಕೇಳುವುದಿಲ್ಲ.

ಇವತ್ತು ಮಾತ್ರ ಜಗಳವಾಡಿಯೇ ತೀರುತ್ತೇನೆಂದು ಸೀರೆ ಹಿಡಿದು ಗ್ಯಾರೇಜಿಗೆ ನುಗ್ಗಿದೆ. ಎಡ ರೆಕ್ಕೆ ಮೇಜಿನ ಮೇಲಿತ್ತು, ಬಟ್ಟೆಯಲ್ಲಿ ಒಂದೇ ಒಂದು ಸುಕ್ಕಿಲ್ಲ. ಬೆರಳಿನಿಂದ ತಟ್ಟಿದೆ, ಮೃದಂಗದಂತೆ ‘ಧೀಂ’ ಎಂದಿತು. ಇನ್ನೊಮ್ಮೆ ತಟ್ಟಿದೆ. ಇವರು ನನ್ನನ್ನೂ ಸೀರೆಯನ್ನೂ ನೋಡಿದರು. ತಪ್ಪಾಯಿತೆಂಬ ಮುಖ ಮಾಡಿ ಸೀರೆಯನ್ನು ಕೈಗೆ ತೆಗೆದುಕೊಂಡು, ಅಂಟಿದ ಕಡೆ ಸವರಿ, ಮೆಲ್ಲಗೆ ಮಡಚಿ ತಕ್ಕಡಿಯ ಮೇಲಿಟ್ಟರು.

ಮಧ್ಯಾಹ್ನವೇ ಹೋಗಿ ಹೊಸ ಇಸ್ತ್ರಿ ಪೆಟ್ಟಿಗೆ ತಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ಬಲ ರೆಕ್ಕೆ ಇನ್ನೂ ಬಾಕಿ ಇದೆ.