ಭಾವನವರ ಆಂತರಿಕ ಬಲ

ನ್ಯೂಟನ್ ತನ್ನ ಮೂರು ಚಲನ ನಿಯಮಗಳನ್ನು ಪ್ರಕಟಿಸಿದ್ದು 1687ರಲ್ಲಾದರೂ, ಮೈಸೂರಿನಿಂದ ಮಂಡ್ಯದವರೆಗೆ ಹರಡಿಕೊಂಡಿರುವ ನಮ್ಮ ಬಂಧುಬಳಗ ಇಂದಿಗೂ ಅರಿಸ್ಟಾಟಲನ ಪಕ್ಷವನ್ನೇ ಹಿಡಿದಿದೆ. ವಸ್ತು ಚಲಿಸುತ್ತಿದೆಯೆಂದರೆ ಅದನ್ನು ಯಾರೋ ನೂಕುತ್ತಲೇ ಇರಬೇಕು, ನೂಕುವುದು ನಿಂತರೆ ವಸ್ತುವೂ ನಿಲ್ಲಬೇಕು ಎಂಬುದು ಇವರ ದೃಢವಾದ ನಂಬಿಕೆ. ಎತ್ತು ನಿಂತೊಡನೆ ಗಾಡಿಯೂ ನಿಲ್ಲುವುದನ್ನು ಹುಟ್ಟಿದಾಗಿನಿಂದ ಕಂಡವರ ಮುಂದೆ, ಗಾಡಿಯನ್ನು ನಿಲ್ಲಿಸಿದ್ದು ಅಚ್ಚಿನಲ್ಲೂ ಮಣ್ಣಿನಲ್ಲೂ ಇರುವ ಘರ್ಷಣೆಯೆಂದು ವಾದಿಸಹೊರಟರೆ, ಓದಿ ಕೆಟ್ಟವನು ಎಂಬ ಬಿರುದು ಖಾಯಂ ಆಗುತ್ತದೆ.

ಬಸ್ಸಿನಲ್ಲಿ ಬ್ರೇಕ್ ಬಿದ್ದಾಗ ಹುಟ್ಟುವ ಜಗಳಗಳನ್ನೇ ನೋಡಿ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದ್ದ ಬಸ್ಸು 2 ಸೆಕೆಂಡಿನಲ್ಲಿ ನಿಂತಿತೆನ್ನಿ. 60 ಕಿಲೋ ತೂಗುವ ಪ್ರಯಾಣಿಕರೊಬ್ಬರು ಅದರ ಜೊತೆಗೇ ನಿಲ್ಲಬೇಕಾದರೆ ಅವರನ್ನು ತಡೆಯಲು 300 ನ್ಯೂಟನ್ ಬಲ ಬೇಕು. ಹೆಚ್ಚುಕಡಿಮೆ 30 ಕಿಲೋ ಅಕ್ಕಿಮೂಟೆಯನ್ನು ಎತ್ತಿ ಹಿಡಿಯುವಷ್ಟು. ಒಂದು ಕೈಯಲ್ಲಿ ದೇವರಾಜ ಮಾರುಕಟ್ಟೆಯ ತರಕಾರಿ ಚೀಲವನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದವರಿಗೆ ಕಂಬಿ ಈ ಉಪಕಾರವನ್ನು ಮಾಡಲಾರದು. ಬಸ್ಸಿನ ನೆಲ ತಡೆಯುವುದು ಪಾದಗಳನ್ನಷ್ಟೇ. ಮೇಲಿನ ಮೈ ಹಳೆಯ ವೇಗದಲ್ಲೇ ಸಾಗಿ ಮುಂದೆ ನಿಂತವರ ಬೆನ್ನನ್ನು ಸೇರುತ್ತದೆ. ‘ಹೀಗಾ ತಳ್ಳೋದು?’ ಎಂದು ಅವರು, ‘ನಾನೆಲ್ರೀ ತಳ್ಳಿದೆ, ಬಸ್ಸು ತಳ್ತು’ ಎಂದು ಇವರು. ನಿಜಕ್ಕೂ ಬಸ್ಸು ಅವರನ್ನು ಮುಂದಕ್ಕೆ ತಳ್ಳಿರಲೇ ಇಲ್ಲ. ನಿಲ್ಲಿಸುವವರು ಯಾರೂ ಇರಲಿಲ್ಲ ಅಷ್ಟೆ, ಕೊನೆಗೆ ಆ ಕೆಲಸವನ್ನು ಮಾಡಿಕೊಟ್ಟದ್ದು ಬೈದವರ ಬೆನ್ನೇ.

ಪ್ರತಿಯೊಂದು ಬಲಕ್ಕೂ ಅಷ್ಟೇ ಪ್ರಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಎನ್ನುವ ಮೂರನೆಯ ನಿಯಮದ ತಂಟೆ ಬೇರೆಯದು. ಪಿಯುಸಿ ಮೊದಲ ವರ್ಷದಲ್ಲಿರುವ ಅಕ್ಕನ ಮಗ ಒಂದು ಸಂಜೆ ದಸರೆಯ ಅಂಬಾರಿಯನ್ನೇ ಉದಾಹರಣೆಯಾಗಿ ಹಿಡಿದು, 750 ಕಿಲೋ ಅಂಬಾರಿಯನ್ನು ಭೂಮಿ ಸುಮಾರು 7,350 ನ್ಯೂಟನ್ ಬಲದಿಂದ ಕೆಳಕ್ಕೆಳೆದರೆ ಅದರ ಪ್ರತಿಕ್ರಿಯೆ ಆನೆಯ ಬೆನ್ನಿನ ಒತ್ತಲ್ಲ, ಅಂಬಾರಿಯೂ ಭೂಮಿಯನ್ನು ಅಷ್ಟೇ ಬಲದಿಂದ ಮೇಲಕ್ಕೆಳೆಯುವುದು ಎಂದು ಸರಿಯಾಗಿಯೇ ಹೇಳಿದ. ಕಾಫಿ ಕುಡಿಯುತ್ತಿದ್ದ ಭಾವನವರು, ‘ಹಾಗಾದ್ರೆ ವಿಜಯದಶಮಿ ದಿನ ಭೂಮಿ ಗಟ್ಟಿಯಾಗಿ ಹಿಡ್ಕೊಳ್ಳಪ್ಪ’ ಎಂದರು. ಭೂಮಿಯ ಅಗಾಧ ದ್ರವ್ಯರಾಶಿಯಿಂದ ಆ ಬಲವನ್ನು ಭಾಗಿಸಿದರೆ ಬರುವ ವೇಗೋತ್ಕರ್ಷ ಅಳೆಯಲಿಕ್ಕೂ ಸಿಗದಷ್ಟು ಅಲ್ಪ ಎಂಬ ವಿವರಣೆಯನ್ನು ಕೇಳಲು ಅವರು ಕಾಯಲಿಲ್ಲ.

ಅದೇ ಭಾವನವರು ಮಳೆಗಾಲದಲ್ಲಿ ನಮ್ಮನ್ನೆಲ್ಲ ಹಳೆಯ ಓಮ್ನಿಯಲ್ಲಿ ತುಂಬಿಕೊಂಡು, ಶ್ರೀರಂಗಪಟ್ಟಣ ದಾಟಿ ಮಂಡ್ಯದ ಕಡೆಯ ಆಲೆಮನೆಯೊಂದಕ್ಕೆ ಬೆಲ್ಲ ತರಲು ಹೊರಡಿಸಿದರು. ಚಾಲಕಿ ಅಕ್ಕ. ಆಲೆಮನೆಗೆ ನೂರು ಗಜ ಉಳಿದಿರುವಾಗ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತುಕೊಂಡವು. ನಾನೂ ಅವಳ ಮಗನೂ ಇಳಿದು ಹಿಂದಿನಿಂದ ತಳ್ಳತೊಡಗಿದೆವು. ಸೊಂಟನೋವಿನ ಭಾವನವರು ಮಾತ್ರ ಮುಂದಿನ ಸೀಟಿನಲ್ಲೇ ಕುಳಿತು, ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡಿಗೆ ಆನಿಸಿ, ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಮುಂದಕ್ಕೆ ಒತ್ತುತ್ತಿದ್ದರು. ಅವರ ಕೈ ಡ್ಯಾಶ್‌ಬೋರ್ಡನ್ನು ಎಷ್ಟು ಮುಂದಕ್ಕೆ ಒತ್ತುತ್ತಿತ್ತೋ ಅಷ್ಟೇ ಬಲದಿಂದ ಅವರ ಬೆನ್ನು ಸೀಟನ್ನು ಹಿಂದಕ್ಕೆ ಒತ್ತುತ್ತಿತ್ತು. ಎರಡೂ ಒಂದೇ ವಾಹನದ ಮೇಲೆ ಬೀಳುವ ಬಲಗಳಾದ್ದರಿಂದ ಕೂಡಿದರೆ ಸೊನ್ನೆ, ಬೆವರೊಂದು ಮಾತ್ರ ಲಾಭ.

‘ಮಾಮ, ನಾವು ತಳ್ಳಿದಷ್ಟೇ ಗಾಡಿ ನಮ್ಮನ್ನು ಹಿಂದಕ್ಕೆ ತಳ್ಳಿದ್ರೆ ಅದು ಮುಂದೆ ಹೋಗೋದು ಹೇಗೆ?’ ಎಂದು ಹುಡುಗ ಏದುಸಿರಿನಲ್ಲೇ ಕೇಳಿದ. ಒಂದು ಬಲ ಗಾಡಿಯ ಮೇಲೆ, ಇನ್ನೊಂದು ನಮ್ಮ ಮೇಲೆ. ಒಬ್ಬರ ಸಾಲವನ್ನು ಇನ್ನೊಬ್ಬರ ಜಮೆಯಿಂದ ಕಳೆಯುವ ಲೆಕ್ಕ ಯಾವ ಬ್ಯಾಂಕಿನಲ್ಲೂ ಇಲ್ಲವೆಂದೆ. ನಮ್ಮ ಕಾಲು ನೆಲವನ್ನು ಹಿಂದಕ್ಕೊತ್ತಿ, ನೆಲ ನಮ್ಮನ್ನು ಮುಂದಕ್ಕೊತ್ತಿದರೆ ಮಾತ್ರ ಗಾಡಿಯೆದುರು ನಿಲ್ಲಲು ಸಾಧ್ಯ ಎಂದು ನಾನು ಹೇಳುತ್ತಿರುವಾಗಲೇ, ನೆಲ ಒತ್ತಲೊಪ್ಪದೆ ಇಬ್ಬರ ಚಪ್ಪಲಿಗಳೂ ಹಿಂದಕ್ಕೆ ಜಾರಿದವು. ಅಷ್ಟರಲ್ಲಿ ಅಕ್ಕ ಆಕ್ಸಿಲರೇಟರನ್ನು ಪೂರ್ತಿ ತುಳಿದಳು. ಚಕ್ರಗಳು ಹಿಂದಕ್ಕೆ ತಳ್ಳಬೇಕಾಗಿದ್ದದ್ದು ಭೂಮಿಯನ್ನು. ತಳ್ಳಿದ್ದು ಕೆಸರನ್ನು, ಅದು ಬಂದು ಕೂತದ್ದು ನನ್ನ ಬಿಳಿ ಪಂಚೆಯ ಮೇಲೆ.

ಆಲೆಮನೆಯಿಂದ ಬಂದ ಮುದುಕರೊಬ್ಬರು ಈ ಪ್ರಯೋಗವನ್ನು ಬೀಡಿ ಮುಗಿಯುವತನಕ ನೋಡಿ, ‘ಕೆಸರ್ನಲ್ಲಿ ಹಿಡ್ತ ಎಲ್ಲೈತೆ ಕಣಪ್ಪ’ ಎಂದು ಒಂದು ಹೊರೆ ಒಣಗಿದ ಕಬ್ಬಿನ ಸಿಪ್ಪೆಯನ್ನು ತಂದು ಚಕ್ರಗಳ ಬುಡಕ್ಕೆ ತುರುಕಿದರು. ಚಕ್ರಕ್ಕೆ ಘರ್ಷಣೆ ಸಿಕ್ಕಿದ್ದೇ ತಡ, ಓಮ್ನಿ ಚಂಗನೆ ಮುಂದಕ್ಕೆ ನೆಗೆಯಿತು. ಅದರ ಮೇಲೆ ಮೈಭಾರ ಹಾಕಿದ್ದ ನಾವಿಬ್ಬರೂ, ಅದು ನಮ್ಮನ್ನು ಎದುರೊತ್ತುವುದನ್ನು ನಿಲ್ಲಿಸಿದ ಕ್ಷಣದಲ್ಲೇ, ಅಂಗಾತವಲ್ಲ, ಬೋರಲಾಗಿ ಬಿದ್ದೆವು.

‘ಒಳಗಡೆಯಿಂದ ನಾನು ಒತ್ತದೇ ಇದ್ದಿದ್ರೆ ಈಚೆಗೆ ಬರ್ತಿತ್ತಾ?’ ಎಂದು ಭಾವನವರು ಕಿಟಕಿಯಿಂದ ತಲೆ ಹಾಕಿದರು. ಹುಡುಗ ಮೂಗಿನ ಕೆಸರು ಒರೆಸಿಕೊಂಡು, ಇಳಿಯದೆಯೇ ನೆರವಾಗಬೇಕೆಂದಿದ್ದರೆ ಹಿಂದಿನ ಸೀಟಿಗೆ ಬಂದು ಸುಮ್ಮನೆ ಕೂರಬಹುದಿತ್ತು, ಅಪ್ಪನ ತೂಕ ಹಿಂದಿನ ಚಕ್ರಗಳ ಮೇಲೆ ಬಿದ್ದು ಸಿಪ್ಪೆಯ ಮೇಲಿನ ಘರ್ಷಣೆ ಇನ್ನಷ್ಟು ಹೆಚ್ಚುತ್ತಿತ್ತು ಎಂದು ವಿನಯದಿಂದಲೇ ವಿವರಿಸಿದ. ಈ ವಿವರಣೆಯಲ್ಲಿ ಭಾವನವರ ಕಿವಿಗೆ ಬಿದ್ದದ್ದು ‘ತೂಕ’ ಒಂದೇ. ಮೈಸೂರು ಮುಟ್ಟುವವರೆಗೆ ಅವರು ಮಗನೊಂದಿಗೆ ಮಾತನಾಡಲಿಲ್ಲ.