ಪ್ರೆಶರ್ ಏರಸೂದೊಂದ ಗೊತ್ತೇನ್ರಿ ನಿಮಗ?

ಮುಂಜಾನೆ ನಮ್ಮ ಸ್ಕೇಲ್ ಮಾಡೆಲ್ ಮಾಡೋರ ಗ್ರೂಪಿನ್ಯಾಗ ಒಬ್ರು ಫೋಟೋ ಹಾಕಿದ್ರು. 1/72 ಅಳತಿಯ ಪ್ಲಾಸ್ಟಿಕ್ ಮಿಗ್-21 ವಿಮಾನ, ರೆಕ್ಕಿ ಮ್ಯಾಲೆ ಸಜ್ಜಕದ ರವಾ ಉದುರಿಸಿದಂಗ ಬಣ್ಣ. ಕೆಳಗ ಸಲಹಾ ಸುರಿಮಳಿ: "ಪ್ರೆಶರ್ ಏರಸ್ರಿ", "30ಕ್ಕ ಇಡ್ರಿ". ಅಲ್ರಿ, ಅದು ಗಾಳಿ ಒತ್ತಡದಾಗ ಬಣ್ಣ ಸಿಂಪಡಿಸೂ ಏರ್‌ಬ್ರಶ್ಶೋ, ಪಂಕ್ಚರ್ ಅಂಗಡಿ ಪಂಪೋ?

ತರಿ ಆಗೂದು ಯಾಕಂದ್ರ, ಹನಿ ಪ್ಲಾಸ್ಟಿಕ್ ಮುಟ್ಟೂದರಾಗ ಗಾಳ್ಯಾಗ ಒಣಗಿರ್ತಾವ. ಹುಬ್ಬಳ್ಳಿ ಏಪ್ರಿಲ್ ಬಿಸಲಾಗಂತೂ ಕೇಳೂದ ಬ್ಯಾಡ. ಪ್ರೆಶರ್ ಏರಿಸಿದ್ರ ಹನಿ ಇನ್ನೂ ಸಣ್ಣ ಆಗಿ ಇನ್ನೂ ಲಗೂ ಒಣಗ್ತಾವ. ರೋಗಕ್ಕ ರೋಗಾನ ಔಷಧಿ!

ಬಣ್ಣ ತೆಳ್ಳಗ ಮಾಡ್ರಿ. ತಮಿಯಾ ಕಂಪನಿ ಅಕ್ರಿಲಿಕ್ ಬಣ್ಣ ಇದ್ರ ಅದರದ್ದ ಥಿನ್ನರ್ ಸಮಸಮ ಹಾಕಿ ಶುರು ಮಾಡ್ರಿ, ಬ್ಯಾಸಗಿಯಾಗ 2 ಪಾಲು ಬಣ್ಣಕ್ಕ 3 ಪಾಲು ಥಿನ್ನರ್, ಮ್ಯಾಲೆ ನಾಕ ಹನಿ ರಿಟಾರ್ಡರ್ (ಬಣ್ಣ ಲಗೂ ಒಣಗದಂಗ ತಡಿಯೂ ದ್ರವ). ಏರ್‌ಬ್ರಶ್ಶಿನ ಬಣ್ಣದ ಬಟ್ಲದ (ಕಪ್) ಗೋಡಿಗೆ ಹಚ್ಚಿದ್ರ ಕೆನಿ ತಗದ ಹಾಲಿನಂಗ ಜಾರಬೇಕು. 0.3 ಎಂಎಂ ನಾಜಲ್ಲಿಗೆ (ಬಣ್ಣ ಹೊರಗ ಬರೂ ತುದಿ) 15ರಿಂದ 18 ಪಿಎಸ್‌ಐ (ಗಾಳಿ ಒತ್ತಡದ ಅಳತಿ), ದೂರ 5ರಿಂದ 8 ಸೆಂಟಿಮೀಟರ್. ಮೊದಲ ಪ್ಲಾಸ್ಟಿಕ್ ಚಮಚದ ಮ್ಯಾಲೆ ಹೊಡದ ನೋಡ್ರಿ, ಮಿಗ್ ಮ್ಯಾಲೆ ಅಲ್ಲ.

"ಪ್ರೈಮರ್‌ಗೆ (ಮೊದಲ ಹೊಡಿಯೂ ತಳದ ಬಣ್ಣ), ಮೆಟಾಲಿಕ್ಕಿಗೆ ಪ್ರೆಶರ್ ಬೇಕಲ್ರಿ" ಅಂತ ಯಾರಾದ್ರೂ ಬರ್ತೀರಿ, ಗೊತ್ತೈತಿ. ಹೌದು, 20–25 ಇಡ್ರಿ. ಆದ್ರ ಇಲ್ಲಿರೂದು ಸಾದಾ ಬೂದಿ ಬಣ್ಣ ಮಾರಾಯ್ರ. ಬಣ್ಣ ಭಾಳ ತೆಳ್ಳಗಾಗಿ ಜ್ಯಾಡರಹುಳದ ಕಾಲಿನಂಗ ಹರದ್ರ? ಅವಾಗೂ ಏರಸೂದಲ್ಲ, 10–12ಕ್ಕ ಇಳಸೂದು, ಟ್ರಿಗರ್ ಕಮ್ಮಿ ಎಳಿಯೂದು.

ಕಪ್ಪಿನ್ಯಾಗ ಗುಳ್ಳಿ ಬಂದ್ರ ಗಾಳಿ ಹಿಂದ ನುಗ್ಗಾಕತ್ತೈತಿ ಅಂತ ಅರ್ಥ. ನಾಜಲ್ ಸಡ್ಲ ಆಗಿರ್ತೈತಿ, ಇಲ್ಲಾ ಸೀಳಿರ್ತೈತಿ. ಸಡ್ಲ ಇದ್ರ ಪಾನಾದಿಂದ ಮೆಲ್ಲಕ ಬಿಗಿ ಮಾಡ್ರಿ. ಜೋರು ಮಾಡಿದ್ರ ನಾಜಲ್ಲಿನ ತಿರುಪಿನ ಎಳಿ ಮುರದು ಒಳಗ ಉಳಿತೈತಿ. ಬಣ್ಣ ಒಂದ ಕಡೆ ವಾಲಿ ಬಂದ್ರ ಏರ್‌ಬ್ರಶ್ ಒಳಗಿನ ಸೂಜಿ ತುದಿ ಡೊಂಕು. ತುಸು ಹೊತ್ತು ಚಂದ ಬಂದು ಆಮ್ಯಾಲೆ ಉಗುಳಾಕತ್ತಿದ್ರ ತುದಿಗೆ ಬಣ್ಣ ಒಣಗೇತಿ, ಕಿವಿ ಹತ್ತಿಕಡ್ಡಿ ಥಿನ್ನರಿನ್ಯಾಗ ಅದ್ದಿ ಒರಸ್ರಿ. ಮಳಿಗಾಲದಾಗ ನೀರಿನ ಹನಿ ಬಂದ್ರ ಗಾಳಿ ಪೈಪಿನ್ಯಾಗ ನೀರು ಹಿಡಿಯೂ ಟ್ರ್ಯಾಪ್ ಖಾಲಿ ಮಾಡ್ರಿ. ಇದರಾಗ ಒಂದಕ್ಕರ "ಪ್ರೆಶರ್ ಏರಸ್ರಿ" ಉತ್ತರ ಐತೇನು?

ಇನ್ನೊಬ್ಬ ಪುಣ್ಯಾತ್ಮರು ವಲ್ಲೇಹೋ ಕಂಪನಿಯ ನೀರಿನ ಅಕ್ರಿಲಿಕ್ ಬಣ್ಣಕ್ಕ ಹಾರ್ಡ್‌ವೇರ್ ಅಂಗಡಿ ಎನ್‌ಸಿ (ಲ್ಯಾಕರ್) ಥಿನ್ನರ್ ಹಾಕ್ರಿ ಅಂದಾರ. ಹಾಕಿದ್ರ ಒಡದ ಹಾಲು. ಕಪ್ಪಿನ್ಯಾಗ ಗಡ್ಡಿಗಟ್ಟಿದ್ದು ತಗಿಯಾಕ ಏರ್‌ಬ್ರಶ್ ಪೂರ್ತಿ ಬಿಚ್ಚಬೇಕು. (ಇಷ್ಟಕ್ಕ ಇಷ್ಟ ಸಿಟ್ಟು ಯಾಕ ಅಂತ ನನಗೂ ಗೊತ್ತಿಲ್ಲ. ಚಾ ಆರಿತು.)

ಆ ರೆಕ್ಕಿ ಉಳಸಬಹುದು. ಒಂದ ದಿನ ಪೂರ್ತಿ ಒಣಗಲಿ. 2000 ನಂಬರಿನ ವಾಟರ್ ಪೇಪರ್ ಸಾಬೂನ ನೀರಿನ್ಯಾಗ ಅದ್ದಿ ಹಗರಕ ಉಜ್ಜ್ರಿ, ಪ್ಯಾನಲ್ ಗೆರಿ (ತಗಡು ಜೋಡಿಸಿದ ಗುರುತು) ಅಳಸಬ್ಯಾಡ್ರಿ. ತೊಳದು, ಒಣಗಿಸಿ, ತೆಳ್ಳಗ ಎರಡು ಕೋಟ್. ಗೇಜಿನ ಮುಳ್ಳು 15ರಾಗ ಇರ್ಲಿ.