ಹಸರ ಚುಕ್ಕಿ ಒಳಗಿನ ಬಟಾಟಿ

ಹೋದ ಐತವಾರ ಅಕ್ಕನ ಮಗನ ಬರ್ತ್‌ಡೇ ಇತ್ತು. ಹತ್ತು ವರ್ಷದ ಹುಡುಗ, ಹೋಳಿಗಿ ಬ್ಯಾಡ ಬರ್ಗರ್ ಬೇಕು ಅಂತ ಮುಂಜಾನಿಂದ ಹಟ ಹಿಡದಿದ್ದ. ಆತು ಬಾರಪಾ ಅಂತ ನಾನು, ಅಕ್ಕ, ಅವ್ವ, ಅವ ನಾಕೂ ಮಂದಿ ಕೂಡಿ ಬಾಗಲಕೋಟಿ ನವನಗರದಾಗಿನ ಒಂದು ಫಾಸ್ಟ್ ಫುಡ್ ಅಂಗಡಿಗೆ ಹೋದ್ವಿ, ಯಾವ ಸೆಕ್ಟರ್ ಅಂತ ಹೇಳಾಂಗಿಲ್ಲ, ಸೆಕ್ಟರ್ ಹೇಳಿದ್ರ ಅಂಗಡಿ ಹೆಸರು ಹೇಳಿದಂಗ. ಒಳಗ ಏಸಿ ಹೆಂಗ ಬಿಟ್ಟಿದ್ರಂದ್ರ, ಹೊರಗ ಬಿಸಲಿಗೆ ಬೇಯಾಕತ್ತಿದ್ದ ನಮ್ಮವ್ವ ಒಳಗ ಬಂದಕೂಡ್ಲೇ ಸೆರಗು ತಲಿತುಂಬ ಹೊತಗೊಂಡು ಮೂಲ್ಯಾಗ ಕುಂತ್ಲು.

ಕೌಂಟರ್ ಹುಡುಗ ಪಕ್ಕಾ ನಮ್ಮ ಕಡೆಯವನ, ಮಾರಿ ನೋಡಿದ್ರ ಗೊತ್ತಾಕ್ಕಿತ್ತು, ಆದ್ರ ಟೋಪಿ ಹಾಕ್ಯಾರಲ್ಲ, ಅದಕ್ಕ 'ವೆಲ್ಕಮ್ ಸರ್, ವೆಜ್ ಆರ್ ನಾನ್‌ವೆಜ್' ಅಂದ. ವೆಜ್‌ನಾಗ ಏನೇನೈತಿ ತಮ್ಮಾ ಅಂದೆ. 'ವೆಜ್ ಆಪ್ಷನ್ ಭಾಳ ಅದಾವ್ರಿ ಸರ್' ಅಂತ ಶುರು ಮಾಡಿದ: ಆಲೂ ಬರ್ಗರ್, ಆಲೂ ರೋಲ್, ಫ್ರೈಸ್, ಚೀಸ್ ಹಾಕಿದ ಫ್ರೈಸ್, ಖಾರ ಉದುರಿಸಿದ ಫ್ರೈಸ್, ವೆಜ್ ನಗೆಟ್ಸ್. ನಗೆಟ್ಸ್ ಒಳಗ ಏನಿರ್ತೈತಿ? ಹುಡುಗ ಒಮ್ಮೆ ತಿರುಗಿ ಮ್ಯಾಲಿನ ಬೋರ್ಡ್ ನೋಡಿದ, ಒಮ್ಮೆ ಒಳಗಿನವ್ರ ಕಡೆ ನೋಡಿದ, ಆಮ್ಯಾಲೆ ಸಣ್ಣ ದನಿ ಮಾಡಿ 'ಆಲೂನ ರೀ' ಅಂದ. ಪನೀರ್ ಬರ್ದೀರಲ್ಲಪಾ ಅಂದ್ರ 'ಸ್ಟಾಕ್ ಇಲ್ರಿ'.

ಅಲ್ರೀ, ಅದ ಬೋರ್ಡಿನ ಬಲಗಡೆ ನೋಡಬೇಕು. ಕೋಳಿಗೆ ಏನ್ ವೈಭೋಗ! ರೆಕ್ಕಿ ಬ್ಯಾರೆ, ಕಾಲು ಬ್ಯಾರೆ, ಎಲುಬು ಇಲ್ಲದ್ದು ಬ್ಯಾರೆ, ಪಾಪ್‌ಕಾರ್ನ್ ಮಾಡಿದ್ದು ಬ್ಯಾರೆ. ನಮ್ಮ ಪಾಲಿಗೆ ಉದ್ದಕ ಹೆಚ್ಚಿದ ಬಟಾಟಿ, ದುಂಡಗ ತಟ್ಟಿದ ಬಟಾಟಿ, ಸಣ್ಣ ಉಂಡಿ ಕಟ್ಟಿದ ಬಟಾಟಿ. ಇದಕ್ಕ ಆಪ್ಷನ್ ಅನ್ನೂದಾದ್ರ ಒಂದ ಅಂಗಿನ್ನ ಮಡಚಿ ಇಟ್ರ ಒಂದು, ಬಿಚ್ಚಿ ಇಟ್ರ ಇನ್ನೊಂದು ಅಂತ ಲೆಕ್ಕ ಹಿಡೀಬೇಕು. ಅದರಾಗೂ ಮಜಾ ನೋಡ್ರಿ, ಬಟಾಟಿ ಅನ್ನೋ ಹೆಸರು ಸೈತ ನಮ್ದಲ್ಲ, ಪೋರ್ಚುಗೀಸರು ಬಿಟ್ಟು ಹೋಗಿದ್ದು.

ನನಗ ಸಿಟ್ಟು ಬರೂದು ಈ 'ಆಪ್ಷನ್' ಅನ್ನೋ ಮಾತಿಗೆ. ನಮ್ಮೂರ ಖಾನಾವಳಿಯೊಳಗ ಯಾರರ ವೆಜ್ ಆಪ್ಷನ್ ಐತೇನ್ರಿ ಅಂತ ಕೇಳಿದ್ದು ಕೇಳೀರೇನು? ಕೇಳಿದ್ರ ಖಾನಾವಳಿ ಅಕ್ಕಾರು ಜ್ವರಾ ಬಂದೈತೇನೋ ಇವಗ ಅಂತ ಹಣಿ ಮುಟ್ಟಿ ನೋಡ್ಯಾರು. ಕುಂತ ಕೂಡ್ಲೇ ತಾಟು ಬರ್ತೈತಿ, ತಾಟಿನ್ಯಾಗ ಬಿಸಿ ಜ್ವಾಳದ ರೊಟ್ಟಿ, ಎಣಗಾಯಿ, ಮಡಕಿಕಾಳ ಪಲ್ಯ, ಜುಣಕದ ವಡಿ, ಪುಂಡಿಪಲ್ಯ ಇದ್ರ ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ರಂಜಕ, ಗಟ್ಟಿ ಮೊಸರು, ಬಾಜೂಕ ಹಸಿ ಮೆಂತೆಪಲ್ಯ ಹಕ್ಕರಕಿ ಉಳ್ಳಾಗಡ್ಡಿ ಸೌತಿಕಾಯಿ, ಇಷ್ಟೂ ಇಟ್ಟ ಮ್ಯಾಲೆ 'ಊಟ ಮಾಡ್ರಿ, ಪಲ್ಯ ಬರ್ತಾವು' ಅಂತಾರ. ಅಂದ್ರ ಅಲ್ಲೀತನಕ ಇಟ್ಟಿದ್ದು ಲೆಕ್ಕಕ್ಕ ಇಲ್ಲ. ಇಂಥಾ ಊರಾಗಿಂದ ಎದ್ದು ಬಂದು ನಾನು ಒಂದು ಬಣ್ಣದ ಬೋರ್ಡಿನ ಮುಂದ ನಿಂತು ಅಣ್ಣಾ ಏನರ ವೆಜ್ ಸಿಗತೈತೇನು ಅಂತ ಭಿಕ್ಷಾ ಬೇಡಿದಂಗ ಕೇಳಾಕತ್ತೀನಿ, ಸಿಕ್ಕಿದ್ದಕ್ಕ ಥ್ಯಾಂಕ್ಯೂ ಬ್ಯಾರೆ ಹೇಳಾಕತ್ತೀನಿ.

ಹಳೇ ಮಂದಿಗೆ ನೆಪ್ಪಿರಬೇಕು, 1995ರಾಗ ಬೆಂಗಳೂರು ಬ್ರಿಗೇಡ್ ರೋಡಿನ್ಯಾಗ ಕೆಎಫ್‌ಸಿ ಬಂದಾಗ ದೊಡ್ಡ ಗದ್ಲಾನ ಆಗಿತ್ತು, ಮರುವರ್ಷ ಜನವರಿಯೊಳಗ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ಒಳಗ ನುಗ್ಗಿ ಒಡದು ಹಾಕಿದ್ರು. ಅಷ್ಟೆಲ್ಲಾ ಆದಮ್ಯಾಲೆ ಏನಾತು? ಅದ ಕೆಎಫ್‌ಸಿ ಈಗ ವೆಜ್ ಬರ್ಗರ್ ಸೈತ ಮಾರ್ತೈತಿ, ನಮ್ಮ ಮಂದಿ ಹೋಗಿ ತಿಂದೂ ಬರ್ತಾರ. ಮಾಂಸದ ಊಟಕ್ಕ ಹೆಸರಾದ ಸಾವಜಿ ಹೋಟೆಲಿಗೆ ಹೋಗಿ ಬರೇ ಮಜ್ಜಿಗಿ ಕುಡದು ಹಲ್ಲು ಚುಚಗೋತ ಹೊರಗ ಬಂದಂಗ. 1996ರಾಗ ಮೆಕ್‌ಡೊನಾಲ್ಡ್ಸ್‌ನವರೂ ದಿಲ್ಲಿಗೆ ಬಂದ್ರು, ಅವ್ರು ಶಾಣ್ಯಾರು, ದನದ ಮಾಂಸ ಬಿಟ್ರು, ಹಂದಿ ಬಿಟ್ರು, ವೆಜ್ಜಿಗೆ ಬ್ಯಾರೆ ಅಡಗಿ ಜಾಗಾ ಮಾಡಿದ್ರು, ಆಲೂ ಟಿಕ್ಕಿ ತಂದ್ರು. ಅವತ್ತ ತಟ್ಟಿದ ಬಟಾಟಿ ನೋಡ್ರಿ, ಇವತ್ತಿಗೂ ಎಲ್ಲಾ ಅಂಗಡ್ಯಾಗೂ ಅದ ತಿರಗಾಕತ್ತೈತಿ. ಮತ್ತ ಬಟಾಟಿ ಅಂದ ಕೂಡ್ಲೇ ಬಿನ್‌ಘೋರ ಇರಾಕೂ ಬರಾಂಗಿಲ್ಲ. ಅದ ಕಂಪನಿ ಅಮೆರಿಕಾದಾಗ ನಾವು ತರಕಾರಿ ಎಣ್ಣ್ಯಾಗ ಕರೀತೀವಿ ಅಂತ ಹೇಳಿ ಫ್ರೈಸಿಗೆ ದನದ ಮಾಂಸದ ಫ್ಲೇವರ್ ಸೇರಿಸಿದ್ದು 2001ರಾಗ ಕೋರ್ಟಿಗೆ ಹೋತು, ಮರುವರ್ಷ ಒಂದು ಕೋಟಿ ಡಾಲರ್ ಕೊಟ್ಟು ಮಾಫಿ ಕೇಳಿ ಕೈ ತೊಳಕೊಂಡ್ರು. ಅದು ಅಲ್ಲಿಂದು, ಇಲ್ಲಿಂದಲ್ಲ ಅಂತ ಕಂಪನಿಯವ್ರು ಆವಾಗ್ಲೇ ಹೇಳ್ಯಾರ.

ನಮ್ಮ ಸರ್ಕಾರ ಮಾತ್ರ ಚುಕ್ಕಿ ವಿಷಯದಾಗ ಭಾಳ ಕಟ್ಟುನಿಟ್ಟು. ವೆಜ್ ಅಂದ್ರ ಹಸರ ಚೌಕದಾಗ ಹಸರ ಚುಕ್ಕಿ. ನಾನ್‌ವೆಜ್ಜಿಗೂ ಮೊದ್ಲ ಚುಕ್ಕಿನ ಇತ್ತು, ಕಂದು ಬಣ್ಣದ್ದು, ಬಣ್ಣ ಗುರ್ತು ಸಿಗದವ್ರಿಗೆ ಎರಡೂ ಒಂದ ಕಾಣತಾವು ಅಂತ 2020ರ ಲೇಬಲ್ ನಿಯಮದಾಗ ಅದನ್ನ ತ್ರಿಕೋನ ಮಾಡಿದ್ರು. ಚಲೋ ಕೆಲಸ. ಆದ್ರ ಆ ಚುಕ್ಕಿ ಇದ್ರಾಗ ಮಾಂಸ ಇಲ್ಲ, ತತ್ತಿ ಇಲ್ಲ ಅಂತಷ್ಟ ಹೇಳ್ತೈತಿ, ಕಾಯಿಪಲ್ಯ ಐತಿ ಅಂತೇನು ಹೇಳಾಂಗಿಲ್ಲ. ಆ ಲೆಕ್ಕದಾಗ ಟೇಬಲ್ ಮ್ಯಾಲಿನ ಟಿಶ್ಯೂ ಪೇಪರಿಗೂ ಹಸರ ಚುಕ್ಕಿ ಹಚ್ಚಬಹುದು.

ಇನ್ನ ನಮ್ಮ ಮಂದಿನೂ ಕಡಿಮಿ ಇಲ್ಲ ಬಿಡ್ರಿ. 2024ರ ಮಾರ್ಚ್‌ದಾಗ ಜೊಮ್ಯಾಟೊದವ್ರು ಪ್ಯೂರ್ ವೆಜ್ ಊಟ ತರವ್ರಿಗೆ ಬ್ಯಾರೆ ಹಸರ ಅಂಗಿ ಹಾಕಸ್ತೀವಿ ಅಂದ್ರು, ಮಂದಿ ಬೈದ್ರು, ಮರುದಿನಾನ ಅಂಗಿ ವಾಪಸ್, ಎಲ್ಲಾರಿಗೂ ಕೆಂಪನ. ಬೈಯದ ಏನ್ ಮಾಡ್ತಾರ, ಕೆಂಪ ಅಂಗಿ ಮನಿ ಮುಂದ ನಿಂತ್ರ ಮಾಂಸ ತರಿಸ್ಯಾರ ಅಂತ ಮನಿ ಮಾಲಕ ಕಿಡಕ್ಯಾಗಿಂದ ಹಣಿಕಿ ಹಾಕವ, ಬಾಡಿಗಿ ಮನಿ ಖಾಲಿ ಮಾಡು ಅನ್ನಾಕ ನೆವ ಆಗೂದು. ಇಂಥಾ ಮಡಿವಂತ್ರ ಸಂಜಿಮುಂದ ಬಸ್‌ಸ್ಟ್ಯಾಂಡ್ ಬಾಜೂಕಿನ ಗಾಡಿ ಮುಂದ ಸಿಗ್ತಾರ. ಅದಕ್ಕೂ ನಮ್ಮಲ್ಲಿ ಫಾಸ್ಟ್ ಫುಡ್ ಅಂತನ ಹೆಸರು, ಗೋಬಿ ರೈಸು ಎಗ್ ರೈಸು ಎರಡೂ ಒಂದ ಬಾಣಲ್ಯಾಗ ಹಾರ್ತಿರ್ತಾವು. ಮೊನ್ನೆ ಒಬ್ಬ ಕಾಕಾ ಗೋಬಿಗೆ ಚಮಚ ಬ್ಯಾರೆ ಐತಿಲ್ಲೋ ಅಂತ ಗಾಡಿಯವನ್ನ ಪೊಲೀಸ್ರಂಗ ವಿಚಾರಿಸಾಕತ್ತಿದ್ದ. 'ಐತ್ರಿ ಕಾಕಾ, ಅದು ತೊಳ್ಯಾಕ ಹಾಕೈತಿ' ಅಂದ ಅವ. ಕಾಕಾಗ ಸಮಾಧಾನ ಆತು, ಎರಡು ಪ್ಲೇಟ್ ಕಟ್ಟಿಸಗೊಂಡು ಹೋದ. ಪಾಪ, ಬಟಾಟಿ ಬಿಟ್ರ ನಮಗಿದ್ದ ಇನ್ನೊಂದು ಆಪ್ಷನ್ ಅಂದ್ರ ಗೋಬಿನ, 2024ರಾಗ ಸರ್ಕಾರ ಕೃತಕ ಬಣ್ಣ ಬಂದ್ ಮಾಡಿದ ಮ್ಯಾಲೆ ಅದೂ ಜಡ್ಡಾಗಿ ಎದ್ದವರಂಗ ಬೆಳ್ಳಗ ಆಗೇತಿ.

ಹಾಂ, ನಮ್ಮ ಆರ್ಡರ್ ಎಲ್ಲಿಗೆ ಬಂತು ಅಂದ್ರ ಟೋಕನ್ ನಂಬರ್ 47, ಇಪ್ಪತ್ತೈದು ನಿಮಿಷ. ಗಿರ್ಮಿಟ್ ಗಾಡಿಯವ ಚುನಮುರಿಗೆ ಹುಣಚಿಹುಳಿ ಉಳ್ಳಾಗಡ್ಡಿ ಹಾಕಿ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಮ್ಯಾಲೊಂದು ಮಿರ್ಚಿ ಇಟ್ಟು ಕೈಯಾಗ ಕೊಡಾಕ ಎರಡು ನಿಮಿಷ ಹತ್ತಾಂಗಿಲ್ಲ, ಅವಗ ಫಾಸ್ಟ್ ಫುಡ್ ಅಂತ ಯಾರೂ ಅನ್ನಂಗಿಲ್ಲ. ಬಿಲ್ಲು 640 ಆಗಿತ್ತು, ಜಿಎಸ್‌ಟಿ ಕೂಡಿ, ಅದೊಂದು ಮಾತ್ರ ಕೋಳಿಗೂ ಬಟಾಟಿಗೂ ಭೇದ ಮಾಡಾಂಗಿಲ್ಲ.

ಅವ್ವ ಬರ್ಗರ್ ಕೈಯಾಗ ಹಿಡಕೊಂಡು ಮ್ಯಾಲಿನ ಬ್ರೆಡ್ ಎತ್ತಿ ನೋಡಿದ್ಲು. ಒಂದು ಟಿಕ್ಕಿ, ಎರಡು ಎಳಿ ಉಳ್ಳಾಗಡ್ಡಿ, ಒಂದು ಬಾಡಿದ ಎಲಿ.

'ಪಲ್ಯ ಬರ್ತೈತೇನೋ ಇನ್ನ?'

'ಇಲ್ಲ ಆಯಿ, ಇಷ್ಟ' ಅಂದ ಮೊಮ್ಮಗ, ಬಾಯಿತುಂಬ ಇಟಗೊಂಡು. ಅವಗೇನ್ರಿ, ಡಬ್ಬಿಯೊಳಗ ಆಟಿಗಿ ಸಿಕ್ಕಿತ್ತು.

ಹೊರಗ ಹೊಂಟಾಗ ಕೌಂಟರ್ ಹುಡುಗ ಒಂದು ಟ್ಯಾಬ್ ಹಿಡಕೊಂಡು ಓಡಿ ಬಂದ, ಅಮ್ಮಾರ ನಿಮ್ಮ ಅಭಿಪ್ರಾಯ ಒತ್ತರಿ ಅಂತ. ಪರದೆ ಮ್ಯಾಲೆ ಐದು ಮಾರಿ, ಅಳೂದ್ರಿಂದ ಹಿಡದು ನಗೂತನಕ. ಅವ್ವ ಚಷ್ಮಾ ಏರಿಸಿ ಭಾಳ ಹೊತ್ತು ನೋಡಿದ್ಲು.

'ತಮ್ಮಾ, ಇದರಾಗ ಬದನಿಕಾಯಿ ಎಲ್ಲಿ ಒತ್ತೂದು?'

ಹುಡುಗ ಒಂದು ಕ್ಷಣ ನಿಂತ, ಆಮ್ಯಾಲೆ ತಾನ ನಗೋ ಮಾರಿ ಒತ್ತಿ 'ಥ್ಯಾಂಕ್ಯೂ ಮೇಡಂ' ಅಂದ.